ಕಪ್ಪು ಚೌಕಕ್ಕೆ ಕುಂಕುಮ

ಇಷ್ಟು ದೂರಕ್ಕೂ ಕಾಣುತ್ತದಲ್ಲ ಆ ಕೆಂಪು, ಅಯ್ಯೋ ದೇವರೇ, ಬಾಗಿಲ ಬಳಿ ನಿಂತರೂ ಮೊದಲು ಕಣ್ಣಿಗೆ ಬೀಳುವುದು ಅದೇ, ಎಂದು ಲೋಲಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಗ್ಯಾಲರಿಯ ಗೋಡೆಗೆ ಆನಿಸಿಟ್ಟ ಮಗಳ ಕ್ಯಾನ್‌ವಾಸು, ಬಿಳಿಯ ಮೇಲೆ ಒಂದೇ ಒಂದು ಕಪ್ಪು ಚೌಕ, ಅದರ ನಡುವೆ ತಾನೇ ಇಟ್ಟ ಕುಂಕುಮ, ಸುತ್ತಿದ ಬೆಡ್‌ಶೀಟಿಗೆ ತಾಗಿ ಅಷ್ಟಗಲ ಹರಡಿಕೊಂಡಿದೆ — ಯಾರು ಹೇಳಿದ್ದರು ನಿನಗೆ ಲೋಲಾಕ್ಷಿ, ಆದರೆ ಇವತ್ತು ಆಯುಧಪೂಜೆ, ದೆಹಲಿಯ ಓಖ್ಲಾದ ತಮ್ಮ ಹೋಟೆಲಿನಲ್ಲಿ ಮೋನಪ್ಪ ಗ್ರೈಂಡರಿಗೆ ಇಟ್ಟ, ದೋಸೆ ಕಾವಲಿಗೆ ಇಟ್ಟ, ಇಡ್ಲಿಹಿಟ್ಟಿನ ವ್ಯಾನಿಗೆ ಇಟ್ಟ, ಗಂಡನ ಆಯುಧಕ್ಕೆಲ್ಲ ಆಯಿತು, ಮಗಳದ್ದು ಯಾವುದು, ಈ ಚಿತ್ರವೇ ತಾನೇ, ಮೇಲಾಗಿ ಪ್ರಣೀತಾ ತಾನೇ ಹೇಳಿದ್ದಳು, ಅಡುಗೆಮನೆಯ ಕಟ್ಟೆ ಮೇಲೆ ಕೂತು ಕಾಲಾಡಿಸುತ್ತ, ಅಮ್ಮ, ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಒಬ್ಬ ಪೇಂಟರ್ ಇಂಥದೇ ಕಪ್ಪು ಚೌಕ ಮಾಡಿ, ಅವರ ಮನೇಲಿ ದೇವರ ಪಟ ಇಡೋ ಮೂಲೆ ಇರುತ್ತಲ್ಲ, ಹಾಗೆ ಗೋಡೆ ಮೂಲೇಲಿ ಎತ್ತರಕ್ಕೆ ಹಾಕಿದ. ಒಗ್ಗರಣೆಯ ಸದ್ದಿನಲ್ಲಿ ಲೋಲಾಕ್ಷಿಗೆ ನಾಟಿದ್ದು ದೇವರ ಮೂಲೆ ಎಂಬುದಷ್ಟೇ, ಆಮೇಲಿನದು ಈಗ ನೆನಪಾಗುತ್ತಿದೆ, ದೇವರು ಅಂತ ಅಲ್ಲಮ್ಮ, ಹಸು ರಾಜ ಹಣ್ಣು ಎಲ್ಲಾ ಬರೆದು ಸಾಕಾಗಿ ಅದನ್ನೆಲ್ಲ ತೆಗೆದುಹಾಕಿದರೆ ಉಳಿಯೋದು, ಬಸ್ ಇಷ್ಟೇ, ಇದು ಯಾವುದರ ಚಿತ್ರವೂ ಅಲ್ಲ, ಅದರಲ್ಲಿ ಏನೂ ಹುಡುಕಬೇಡ, ಸುಮ್ಮನೆ ನೋಡು. ಏನೂ ಇಲ್ಲದ್ದು ಬರೆಯೋಕೆ ನಾಲ್ಕು ವರ್ಷ ಓದಬೇಕಾ ಮಾರಾಯ್ತಿ ಎಂದು ಮೋನಪ್ಪ ನಕ್ಕಿದ್ದ, ಲೋಲಾಕ್ಷಿಯೂ ನಕ್ಕಿದ್ದಳು, ಕದ್ದು ನೋಡಿದಾಗಲೆಲ್ಲ ಅವಳಿಗೆ ಅದು ಒಮ್ಮೆ ಆರಿಸಿದ ಟೀವಿ, ಒಮ್ಮೆ ಕರೆಂಟು ಹೋದ ಎದುರುಮನೆಯ ಕಿಟಕಿ, ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ದೇವರಾಯಿತು, ಗಂಧ ಬಳಿದಳು, ಕುಂಕುಮ ಇಟ್ಟಳು, ಕೈಮುಗಿದು ತಾನೇ ಬೆಡ್‌ಶೀಟು ಸುತ್ತಿ ವ್ಯಾನಿಗೆ ಹಾಕಿಸಿದಳು. ಇಲ್ಲಿ ಬಂದು ಬಿಚ್ಚಿದಾಗ ಪ್ರಣೀತಾ ಕಿರುಚಲಿಲ್ಲ, ಅಮ್ಮಾ ಯೇ ಕ್ಯಾ ಕಿಯಾ, ಏನು ಮಾಡಿಬಿಟ್ಟೆ, ಎಂದು ಮೆಲ್ಲಗೆ ಕೇಳಿದಳು, ಕಿರುಚಿದ್ದರೆ ಎಷ್ಟೋ ವಾಸಿಯಿತ್ತು.

ಬಂದರು, ಪ್ರದರ್ಶನಕ್ಕೆ ಚಿತ್ರ ಆಯ್ಕೆ ಮಾಡುವವರು ಇಬ್ಬರೂ ಬಂದರು, ಗಿಡ್ಡ ಕೂದಲಿನ ಮೇಡಂ ಮುಂದೆ, ಮುದುಕ ಸರ್ದಾರ್ಜಿ ಹಿಂದೆ, ಮೇಡಂ ನಿಂತೇಬಿಟ್ಟಳು, ಅರೇ ವಾಹ್, ಈ ಕುಂಕುಮ, ಸೋ ಇಂಡಿಯನ್, ಇದನ್ನು ಮುಟ್ಟಬೇಡ, ಹೀಗೇ ಇರಲಿ, ಮೊದಲನೇ ಕೋಣೆಗೆ ಹಾಕೋಣ — ಲೋಲಾಕ್ಷಿ ಹಿಗ್ಗಿಹೋದಳು, ನೋಡಿದೆಯಾ, ತಾಯಿಯ ಕೈಗುಣ, ಹಾಳಾಯಿತು ಅಂದುಕೊಂಡದ್ದೇ ಗೆಲ್ಲಿಸಿತು, ಆದರೆ ಮಗಳ ದವಡೆ ಬಿಗಿದಿದೆ, ಮೇಡಂ, ಯೇ ಮೇರೀ ಮಾ ಕೀ ಪೂಜಾ ಹೈ, ಮೇರೀ ಪೇಂಟಿಂಗ್ ನಹೀಂ, ಕಪ್ಪು ಬಣ್ಣ ತಂದಿದ್ದೇನೆ, ಇದನ್ನು ಮುಚ್ಚುತ್ತೇನೆ. ಹುಚ್ಚು ಹುಡುಗಿ, ಸುಮ್ಮನಿರಬಾರದೇ! ಮುಚ್ಚಿದರೆ ಬರೀ ಚೌಕ, ಅಂಥವು ಬೇಕಾದಷ್ಟು ನೋಡಿದ್ದೇವೆ, ಆಮೇಲೆ ನಾನು ಮಾತು ಕೊಡಲಾರೆ ಎಂದಳು ಮೇಡಂ, ದನಿ ತಣ್ಣಗಾಗಿತ್ತು. ಪ್ರಣೀತಾ ಬ್ರಷ್ಷು ಹಿಡಿದು ತಾಯಿಯ ಕಡೆ ತಿರುಗಿದಳು, ಕೇಳುತ್ತಿದ್ದಾಳೆ, ಬಾಯಿಬಿಟ್ಟು ಕೇಳದೆ ಕೇಳುತ್ತಿದ್ದಾಳೆ, ಕುಂಕುಮದ ಮೇಲೆ ಕಪ್ಪು ಬಳಿಯುವುದೇ, ಅದೂ ನವಮಿಯ ದಿನ, ಮೋನಪ್ಪನ ತಾಯಿ ಇದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು, ಸಿಕ್ಕಿದ್ದನ್ನು ಯಾರಾದರೂ ಬಿಡುತ್ತಾರೆಯೇ — ಆದರೆ ಮೇಡಂ ಏನು ನೋಡುತ್ತಿದ್ದಾಳೆ, ಕುಂಕುಮ, ನಾನೇನು ನೋಡುತ್ತಿದ್ದೇನೆ, ಕುಂಕುಮ, ಮಗಳು ಎರಡು ತಿಂಗಳು ಊಟ ಬಿಟ್ಟು ತಿದ್ದಿದ ಆ ಅಂಚುಗಳನ್ನು ಒಬ್ಬರಾದರೂ ನೋಡಿದರೇ, ನನ್ನ ಬೊಟ್ಟು ಗೆದ್ದರೆ ಅವಳ ಚೌಕ ಸೋತಂತೆ, ಛೇ, ಅಂಥ ಗೆಲುವು ಯಾರಿಗೆ ಬೇಕು. ಬಳಿ ಮಗಾ, ಎಂದಳು ಲೋಲಾಕ್ಷಿ, ಇಡೀ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ, ಕನ್ನಡದಲ್ಲೇ, ಪೂಜೆ ಮುಗೀತು, ನೀನು ಬಳಿ.

ಬಳಿದಳು, ಒಂದು ಸಲ, ಇನ್ನೊಂದು ಸಲ, ಕೆಂಪು ಮಂಕಾಯಿತು, ಮುಳುಗಿತು, ಲೋಲಾಕ್ಷಿ ಕಣ್ಣು ಮುಚ್ಚಿಕೊಳ್ಳಲಿಲ್ಲ, ನೋಡುತ್ತಲೇ ಇದ್ದಳು, ಮೇಡಂ ವಾಚು ನೋಡಿಕೊಂಡಳು, ಸರ್ದಾರ್ಜಿ ಮಾತ್ರ ಅಲ್ಲಾಡದೆ ನಿಂತಿದ್ದಾರೆ, ಕೊನೆಗೆ ಬಾಯಿಬಿಟ್ಟರು, ಅಬ್ ಬನೀ ಬಾತ್, ಈಗ ಸರಿಹೋಯಿತು, ಇದು ಎದುರು ಗೋಡೆಗೆ, ಒಂದೇ ಇರಲಿ, ಪಕ್ಕದಲ್ಲಿ ಇನ್ನೇನೂ ಬೇಡ, ಮೇಡಂ ಭುಜ ಕುಣಿಸಿ ಪಟ್ಟಿಯಲ್ಲಿ ಬರೆದುಕೊಂಡಳು, ಮಗಳ ಒದ್ದೆ ಕೈ ಬಂದು ತನ್ನ ಕೈ ಹಿಡಿಯಿತು, ಗೆದ್ದೆವು, ಗೆದ್ದೆವಲ್ಲೇ, ಮೋನಪ್ಪನಿಗೆ ಫೋನು ಮಾಡಬೇಕು, ಏನು ಬರೆದಿದ್ದಾಳೆ ಅಂತ ಅವನು ಕೇಳುತ್ತಾನೆ, ಏನಂತ ಹೇಳಲಿ, ಯಾವುದರ ಹಾಗಿದೆ ಅಂತ ಹೇಳಲಿ, ಹುಡುಕಿದಳು, ಯಾವುದರ ಹಾಗೂ ಇಲ್ಲ, ಯಾವುದೂ ಅದರ ಹತ್ತಿರ ಬರುವುದಿಲ್ಲ, ಅದು ಅಲ್ಲಿ ನಿಂತಿದೆ, ಯಾರ ಹಂಗೂ ಇಲ್ಲದೆ, ಎಷ್ಟು ಕಪ್ಪು, ಎಷ್ಟು ನೆಟ್ಟಗೆ — ಚೌಕ — ಅಬ್ಬಾ — ಚೌಕ.