ನಾಲ್ಕನೆಯ ಧ್ವನಿ

ಅಂಗೈಯಲ್ಲಿ ಹೊಸ ಫೋನು ಮತ್ತೆ ನಡುಗಿತು, ಮುಷ್ಟಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ ಒಂದೇ ಒಂದು ಸಲ, ಇನ್ನೇನು ಬೇಕಂತೆ ಇದಕ್ಕೆ, ಭಾಷೆ ಆರಿಸಿ ಅಂದಿತು ಆರಿಸಿದ್ದಾಯಿತು, ಗಡಿಯಾರ ಹೊಂದಿಸಿ ಅಂದಿತು ಹೊಂದಿಸಿದ್ದಾಯಿತು, ಒಪ್ಪುತ್ತೇನೆ ಅನ್ನುವ ಗುಂಡಿಯನ್ನು ಊಟ ಮುಗಿಸಿ ಕೂತಾಗಿನಿಂದ ಏಳು ಸಲ ಒತ್ತಿದ್ದಾಳೆ, ನಲವತ್ತೊಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಗಂಡಿಗೆ ಒಪ್ಪುತ್ತೇನೆ ಅನ್ನದವಳು ಒಂದೇ ಮಧ್ಯಾಹ್ನದಲ್ಲಿ ಈ ಗಾಜಿನ ಬಿಲ್ಲೆಗೆ ಏಳು ಸಲ ಅಂದುಬಿಟ್ಟೆನಲ್ಲ ಎಂದು ಅವಳಿಗೇ ನಗು ಬಂತು — ನಕ್ಕರೆ ಗಂಟಲಲ್ಲಿ ಗರಗರ, ಉಪ್ಪುಕಾಗದ ಉಜ್ಜಿದ ಸದ್ದು, ಆದ್ದರಿಂದ ಬಾಯಿ ಮುಚ್ಚಿ ಮೂಗಿನಲ್ಲೇ ನಕ್ಕಳು, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದಾಳೆ, ಎಚ್ಚರವಾದರೆ ಮತ್ತೆ ಅದೇ ಪ್ರಶ್ನೆ, ನನ್ನ ಮಗಳು ಬಂದ್ಲಾ ನರ್ಸಮ್ಮಾ, ಮತ್ತೆ ಅದೇ ಉತ್ತರ. ಹಳೇ ಗುಂಡಿ ಫೋನು ಕಲ್ಲಿನ ಹಾಗಿತ್ತು, ಹತ್ತು ಸಲ ಬಿದ್ದರೂ ಹನ್ನೊಂದನೆಯ ಸಲ ಹಲೋ ಅನ್ನುತ್ತಿತ್ತು, ಆದರೆ ಬಸ್ ನಿಲ್ದಾಣದ ಮೇಲಧಿಕಾರಿ, ಅವಳು ಈಗ ಕೆಲಸ ಮಾಡುವ ಕಳೆದುಹೋದ ವಸ್ತುಗಳ ಕೋಣೆಯ ಬಾಗಿಲಲ್ಲಿ ನಿಂತು, ಇನ್ಮೇಲೆ ಸಿಕ್ಕಿದ ಪ್ರತಿ ಛತ್ರಿಗೂ ಪ್ರತಿ ಚೀಲಕ್ಕೂ ಫೋಟೋ ತೆಗೆದು ಹಾಕ್ಬೇಕಮ್ಮ, ರಿಜಿಸ್ಟರ್ ಬರೆಯೋ ಕಾಲ ಹೋಯ್ತು ಅಂದಮೇಲೆ ಮಾಡುವುದೇನು, ಕೊಂಡಳು. ಟಿಕೆಟ್ ಕೌಂಟರಿನ ಗೆಳತಿ ಪೆಟ್ಟಿಗೆ ಬಿಚ್ಚುವಾಗಲೇ ಎಚ್ಚರಿಸಿದ್ದಳು, ಫೋನು ನಿನ್ನ ಮಾತು ಕೇಳ್ಬೇಕಂದ್ರೆ ಮೊದಲು ಅದರ ಮಾತೆಲ್ಲಾ ನೀನು ಕೇಳ್ಬೇಕು ಕಣಮ್ಮ, ಹೊಸ ಅತ್ತೆ ಹಾಗೆ ಅದು. ಕೇಳುತ್ತಿದ್ದಾಳೆ. ಪರದೆಯ ಮೇಲಿದ್ದ ಯಾರದೋ ಬೆಟ್ಟವನ್ನು ತೆಗೆದು ಕುರ್ಚಿಯಲ್ಲಿ ತೂಕಡಿಸುತ್ತಿರುವ ಅಮ್ಮನನ್ನು ಹಾಕಿದಳು, ಅಕ್ಷರದ ಗಾತ್ರ ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಅಂಗಡಿ ಬೋರ್ಡಿನಷ್ಟು, ಕನ್ನಡಕ ಹುಡುಕುವ ಕಷ್ಟ ತಪ್ಪಲಿ. ಬೇಡದ ಚಿತ್ರಗಳನ್ನೆಲ್ಲ ಒತ್ತಿಹಿಡಿದು ಎಳೆದು ಮೂಲೆಗೆ ತಳ್ಳಿದಳು, ಮನೆ ಗುಡಿಸಿದಷ್ಟೇ ಸಮಾಧಾನ.

ಈಗ ಕೇಳುತ್ತಿರುವುದು ಬೇರೆ. ನಿಮ್ಮ ಧ್ವನಿಯನ್ನು ಫೋನಿಗೆ ಪರಿಚಯಿಸಿ, ಕೆಳಗಿನ ವಾಕ್ಯವನ್ನು ಮೂರು ಸಲ ಹೇಳಿ. ಹೇಳಿದಳು. ಕ್ಷಮಿಸಿ, ನಿಮ್ಮ ಧ್ವನಿಯನ್ನು ಗುರುತಿಸಲಾಗಲಿಲ್ಲ, ಎಂದಿತು ಒಳಗಿನ ಹೆಣ್ಣುದನಿ, ಬೆಣ್ಣೆ ಸವರಿದಂಥ ದನಿ, ಮತ್ತೊಮ್ಮೆ ಪ್ರಯತ್ನಿಸಿ. ಪ್ರಯತ್ನಿಸಿದಳು, ಗಂಟಲು ಸರಿಮಾಡಿಕೊಂಡು, ಕತ್ತು ಚಾಚಿ, ಕ್ಷಮಿಸಿ. ನಿನ್ನ ಕ್ಷಮೆ ಯಾರಿಗೆ ಬೇಕೇ ಮಾರಾಯ್ತಿ, ಹತ್ತೊಂಬತ್ತು ವರ್ಷ ಇಡೀ ಬಸ್ ನಿಲ್ದಾಣ ಗುರುತಿಸಿದ ಧ್ವನಿ ಇದು, ಪ್ರಯಾಣಿಕರ ಗಮನಕ್ಕೆ ಎಂದು ಆ ಗಾಜಿನ ಗೂಡಿನೊಳಗಿಂದ ಒಂದು ಸಲ ಅಂದರೆ ಅಳುವ ಮಕ್ಕಳೂ ಬಾಯಿಗೆ ಬೆರಳಿಟ್ಟುಕೊಂಡು ಮೇಲೆ ನೋಡುತ್ತಿದ್ದವು, ಬಸ್ಸು ಎರಡು ಗಂಟೆ ತಡ ಅಂದರೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲವಂತೆ, ಅಷ್ಟು ಚೆನ್ನಾಗಿ ಹೇಳ್ತಾರೆ ಕಣ್ರೀ, ತಡ ಆದ್ರೇನಂತೆ — ಆಮೇಲೆ ಕತ್ತಿನಲ್ಲಿ ಗಂಟು, ನೆಲ್ಲಿಕಾಯಿ ಗಾತ್ರದ್ದು, ಡಾಕ್ಟರು ತೆಗೆದರು, ಜೀವಕ್ಕೆ ಏನೂ ತೊಂದರೆ ಇಲ್ಲ ಅಂದರು, ಧ್ವನಿಯ ಒಂದು ತಂತು ಮಾತ್ರ ಮಲಗಿಬಿಟ್ಟಿದೆ ಅಂದರು, ಎಷ್ಟು ದಿನ ಮಲಗುತ್ತೆ ಅಂತ ಕೇಳಿದರೆ ಕಾಗದದ ಮೇಲೆ ಏನೋ ಗೀಚುತ್ತಾ ಕೂತರು. ಹಿಂದಿರುಗಿ ಮೈಕಿನ ಮುಂದೆ ಕೂತ ಮೊದಲ ವಾರ ಧ್ವನಿವರ್ಧಕ ಕೆಟ್ಟಿದೆ ಎಂದು ಎರಡು ಸಲ ರಿಪೇರಿಯವನು ಬಂದು ಏಣಿ ಹಾಕಿ ಹತ್ತಿದ, ಎರಡನೆಯ ಸಲ ಇಳಿಯುವಾಗ ಅವಳನ್ನು ನೋಡಿ ಏಣಿ ಮಡಚಿಕೊಂಡು ಹೋದ. ಅವಳೇ ಹೋಗಿ ಬೇರೆ ಕೆಲಸ ಕೇಳಿದಳು.

ಹೋಗಲಿ, ಗುರುತಿಸದಿದ್ದರೆ ಕತ್ತೆ ಬಾಲ, ಆದರೆ ಈ ಬೆಣ್ಣೆ ದನಿಯ ಕ್ಷಮಾದೇವಿಯನ್ನಾದರೂ ಬದಲಾಯಿಸಬಹುದೋ ಏನೋ, ಸೆಟ್ಟಿಂಗ್ಸ್ ಒಳಗೆ, ಅದರೊಳಗೆ, ಮತ್ತೂ ಅದರೊಳಗೆ, ಬೀರುವಿನೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಡಬ್ಬಿ, ಇಲ್ಲಿದೆ, ಫೋನಿನ ಧ್ವನಿ, ಒಂದು, ಎರಡು, ಮೂರು, ನಾಲ್ಕು, ಕೇಳಿ ನೋಡಿ. ಒಂದು, ಈ ಬೆಣ್ಣೆ ದನಿಯವಳೇ. ಎರಡು, ಗಂಡಸು, ಬ್ಯಾಂಕಿನವನ ಹಾಗೆ. ಮೂರು, ಚಿಕ್ಕ ಹುಡುಗಿ, ಶೀತ ಆಗಿರಬೇಕು. ನಾಲ್ಕು — ನಮಸ್ಕಾರ, ನಾನು ಹೀಗೆ ಮಾತನಾಡುತ್ತೇನೆ. ಕೈ ತಾನಾಗಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿತು, ಬಿಸಿ ಪಾತ್ರೆ ಮುಟ್ಟಿದ ಹಾಗೆ, ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾರೆ, ಫುಸ್, ಫುಸ್, ಅಷ್ಟೇ ಸದ್ದು ಇರುವುದು ಜಗತ್ತಿನಲ್ಲಿ, ಇಲ್ಲ, ಕಿವಿಯ ಭ್ರಮೆ, ಬೇಸಗೆ ಮಧ್ಯಾಹ್ನ, ಸರಿಯಾಗಿ ನಿದ್ದೆಯಿಲ್ಲ, ಮತ್ತೆ ಎತ್ತಿಕೊಂಡು ಮತ್ತೆ ಒತ್ತಿದಳು, ನಮಸ್ಕಾರ, ಆ ಸ್ಕಾ ಅನ್ನುವಲ್ಲಿ ಒಂದಿಷ್ಟು ಮೇಲಕ್ಕೆ ಹೋಗಿ ಇಳಿಯುವುದು, ಅದು ಅವಳದು, ಅದನ್ನು ಯಾರೂ ಕಲಿಸಿದ್ದಲ್ಲ ಯಾರಿಂದಲೂ ಕದ್ದದ್ದಲ್ಲ, ಅವಳದೇ. ಹದಿನಾಲ್ಕು ವರ್ಷದ ಹಿಂದೆ, ಹೌದು, ನಿಲ್ದಾಣದಿಂದಲೇ ಕಳಿಸಿದ್ದರು, ನಾಲ್ಕು ದಿನ, ಗೋಡೆಗೆಲ್ಲ ಮೊಟ್ಟೆಯ ತಟ್ಟೆಯಂಥ ಸ್ಪಂಜು ಬಡಿದ ಕೋಣೆ, ಫ್ಯಾನು ಹಾಕುವಂತಿಲ್ಲ, ಗಾಜಿನಾಚೆ ಹೆಡ್‌ಫೋನಿನ ಮನುಷ್ಯ, ಓದಬೇಕಾದದ್ದು ತಲೆಬುಡವಿಲ್ಲದ ವಾಕ್ಯಗಳು, ಝರಿಯ ಬಳಿ ಏಳು ಛತ್ರಿಗಳು ಸಭೆ ಸೇರಿವೆ, ಢಾಲು ಹಿಡಿದ ಹೆಂಗಸು ಔಷಧಿ ಕೇಳಿದಳು, ನಕ್ಕು ನಕ್ಕು ಓದಿದರೆ ಅವನು ಕೈ ಎತ್ತಿ, ಖುಷಿ ಬೇಡ ಮೇಡಂ, ದುಃಖಾನೂ ಬೇಡ, ಏನೂ ಗೊತ್ತಿಲ್ಲದೋರ ಹಾಗೆ ಓದಿ. ಯಾಕೆ ಇದೆಲ್ಲ ಅಂದದ್ದಕ್ಕೆ, ಕಣ್ಣು ಕಾಣದೋರಿಗೆ ಓದಿ ಹೇಳೋ ಯಂತ್ರಕ್ಕೆ ಅಂದ, ಒಳ್ಳೇ ಕೆಲಸವೇ ಅನ್ನಿಸಿತು, ಕಾಗದವೊಂದಕ್ಕೆ ಸಹಿ ಹಾಕಿದ್ದಳೋ ಏನೋ, ಹಾಕಿರಬೇಕು, ಒಪ್ಪುತ್ತೇನೆ. ಆಮೇಲೆ ಮರೆತೇಬಿಟ್ಟಳು. ಅವಳು ಮರೆತರೂ ಅದು ಎಲ್ಲೋ ಬದುಕಿಕೊಂಡಿದೆ, ಕತ್ತಿನ ಗಂಟು ಗೊತ್ತಿಲ್ಲದೆ, ಡಾಕ್ಟರ ಕತ್ತರಿ ಗೊತ್ತಿಲ್ಲದೆ, ಮೂವತ್ತೈದರಲ್ಲೇ ನಿಂತುಕೊಂಡು. ನಾಲ್ಕನ್ನೇ ಆರಿಸಿದಳು, ಸದ್ದನ್ನು ಪೂರ್ತಿ ಏರಿಸಿದಳು, ಹಠಕ್ಕೆ ಬಿದ್ದು ಆ ಪರಿಚಯದ ವಾಕ್ಯವನ್ನು ಮತ್ತೊಮ್ಮೆ ಹೇಳಿದಳು, ನಾನೇ ಕಣೇ ನೋಡು ಅನ್ನುವ ಹಾಗೆ, ಮತ್ತು ಅವಳದೇ ಧ್ವನಿ, ತಂಪಾಗಿ, ಏನೂ ಗೊತ್ತಿಲ್ಲದವರ ಹಾಗೆ, ಇಡೀ ಮನೆಗೆ ಕೇಳುವಂತೆ ಅವಳಿಗೆ ಹೇಳಿತು, ಕ್ಷಮಿಸಿ, ನಿಮ್ಮ ಧ್ವನಿಯನ್ನು ಗುರುತಿಸಲಾಗಲಿಲ್ಲ.

ಪೀಪಿ — ಒಳಗಿನಿಂದ — ಪೀಪೀ, ಬಂದ್ಯೇನೇ. ಅವಳು ಕೂತಲ್ಲೇ ಕಲ್ಲಾದಳು. ಪೀಪಿ, ಹುಟ್ಟಿದ ಕೂಡಲೇ ಆಸ್ಪತ್ರೆ ಒಡೆದುಹೋಗುವ ಹಾಗೆ ಕಿರುಚಿದಳೆಂದು ಅಮ್ಮ ಇಟ್ಟ ಹೆಸರು, ಅಮ್ಮನ ಬಾಯಲ್ಲಿ ಬಿಟ್ಟು ಇನ್ನಾರ ಬಾಯಲ್ಲೂ ಇಲ್ಲದ ಹೆಸರು, ಒಂದು ವರ್ಷ ಎಂಟು ತಿಂಗಳಿಂದ ಈ ಮನೆಯಲ್ಲಿ ಯಾರೂ ಪೀಪಿ ಅಂದಿಲ್ಲ. ಕತ್ತಿನ ಆಪರೇಶನ್ನಿಗೆಂದು ಅವಳು ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಅಮ್ಮನನ್ನು ನೋಡಿಕೊಳ್ಳಲು ಒಬ್ಬ ನರ್ಸಮ್ಮ ಬಂದಿದ್ದಳು, ಅಮ್ಮನಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು, ನೆನಪಿನ ಹೊಲಿಗೆಯೂ ಬಿಚ್ಚಿಕೊಳ್ಳತೊಡಗಿತ್ತು, ಹನ್ನೊಂದನೆಯ ದಿನ ಮಗಳು ಈ ಗೊಗ್ಗರು ಗಂಟಲಲ್ಲಿ ಅಮ್ಮಾ ನಾನು ಬಂದೆ ಅಂದಾಗ, ನೀವು ಆ ನರ್ಸಮ್ಮನ ಅಕ್ಕನಾ, ಅಂದಳು ಅಮ್ಮ, ಬಹಳ ಮರ್ಯಾದೆಯಿಂದ. ನಾನೇ ಅಮ್ಮಾ ನಾನೇ ಅಂತ ಎಷ್ಟು ಹೇಳಿದರೆ ಅಷ್ಟು ಹೆದರಿದಳು, ಗೋಡೆಗೆ ಒತ್ತಿಕೊಂಡು ಪೀಪೀ ಪೀಪೀ ಎಂದು ಮಗಳನ್ನು ಕೂಗಿಕೊಂಡಳು, ಈ ಮಗಳಿಂದ ಕಾಪಾಡು ಎಂದು ಆ ಮಗಳನ್ನು. ವಾದ ಮಾಡಬೇಡಿ, ಅವರು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡಿ, ಅಂದರು ಡಾಕ್ಟರು. ಅಂದುಬಿಟ್ಟಳು. ನರ್ಸಮ್ಮನಾದಳು. ಹಡೆದ ತಾಯಿಗೆ ನೀವು ತಾವು ಅನ್ನುತ್ತಾ ಬೆನ್ನು ಉಜ್ಜಿದಳು, ತಲೆ ಬಾಚಿದಳು, ಸಂಜೆಯಾದರೆ ಅಮ್ಮ ಕೇಳುತ್ತಾಳೆ, ನನ್ನ ಮಗಳು ಇನ್ನೂ ಬರ್ಲಿಲ್ವಾ, ಇವಳು ಹೇಳುತ್ತಾಳೆ, ಡ್ಯೂಟಿ ಮುಗೀತಂತೆ, ಬಸ್ಸು ತಡ, ಬರ್ತಾರೆ, ಬಸ್ಸು ತಡ ಅಂತ ಹೇಳುವುದರಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಅನುಭವ. ಒಂದೇ ಆಸೆ ಉಳಿದಿತ್ತು, ಯಾರ ಬಳಿಯೂ ಬಾಯಿಬಿಟ್ಟು ಹೇಳದ್ದು, ಅಮ್ಮ ಹೋಗುವುದರೊಳಗೆ ಒಂದು ಸಲ, ಒಂದೇ ಸಲ, ತನ್ನನ್ನು ಹೆಸರು ಹಿಡಿದು ಕರೆಯಲಿ.

ಕರೆಯುತ್ತಿದ್ದಾಳೆ. ಬಂದ್ಯೇನೇ, ಮಾತಾಡೇ. ಎದ್ದು ಹೋಗಿ ಹೊಸ್ತಿಲಲ್ಲಿ ನಿಂತರೆ ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದಾಳೆ, ತಾನೇ ಎದ್ದು ಕೂತು ಎಷ್ಟು ತಿಂಗಳಾಯಿತು, ಮುಖ ಬಾಗಿಲ ಕಡೆಗೆ, ಆ ಮುಖ, ಅಯ್ಯೋ ಆ ಮುಖದ ಬೆಳಕು, ಬಾಯಿ ತೆರೆದರೆ ಎಲ್ಲ ಹಾಳಾಗುತ್ತದೆ, ಬಾಯಿ ತೆರೆಯಬೇಡ, ಧ್ವನಿ ಆರಿಸಿದಲ್ಲೇ ಬರೆದದ್ದನ್ನು ಓದಿ ಹೇಳುವ ಪುಟವೊಂದಿತ್ತಲ್ಲ, ಎಲ್ಲಿ, ಇಲ್ಲಿ, ಬ, ಸೊನ್ನೆ ಎಲ್ಲಿಟ್ಟಿದ್ದಾರೆ ಹಾಳಾದವರು, ದ, ಏತ್ವ, ಅಳಿಸು, ಮತ್ತೆ, ನಿಲ್ಲಮ್ಮಾ, ಹೋಗಬೇಡ, ಒಂದು ನಿಮಿಷ ಹಾಗೇ ಇರು, ಬಂದೆ ಅಮ್ಮಾ, ಆಯಿತು, ತ್ರಿಕೋನದ ಗುಂಡಿ ಒತ್ತಿದಳು. ಬಂದೆ ಅಮ್ಮಾ, ಅಂದಿತು ನಾಲ್ಕನೆಯ ಧ್ವನಿ, ಖುಷಿಯಿಲ್ಲದೆ ದುಃಖವಿಲ್ಲದೆ. ಅಮ್ಮ ಅತ್ತಳು. ಅಳುತ್ತಲೇ ನಕ್ಕಳು. ಎಷ್ಟು ಹೊತ್ತೇ ಬರೋದು, ಬಸ್ಸು ಅಷ್ಟು ತಡಾನಾ, ದನಿ ಯಾಕೆ ಹಿಂಗೆ ಸಪ್ಪಗಿದೆ, ಸುಸ್ತಾಯ್ತಾ, ಬಾ ಇಲ್ಲಿ, ಹತ್ತಿರ ಬಾ. ಹೋದಳು, ಹಾಸಿಗೆಯಂಚಿಗೆ ಕೂತು, ಎಡಗೈಯನ್ನು ಅಮ್ಮನ ಭುಜದ ಮೇಲಿಟ್ಟು, ಬಲಗೈಯಲ್ಲಿ ಫೋನು ಹಿಡಿದು, ಕರೆದಳಲ್ಲ, ಕೊನೆಗೂ ಕರೆದಳಲ್ಲ, ಕಣ್ಣೀರು ಗಲ್ಲದಿಂದ ಇಳಿದು ಕತ್ತಿನ ಗಾಯದ ಗೆರೆಯಲ್ಲಿ ನಿಲ್ಲುತ್ತಿದೆ, ಅಮ್ಮನ ಕೈ ಗಾಳಿಯಲ್ಲಿ ಅವಳನ್ನು ಹುಡುಕುತ್ತಾ ಬಂತು, ಅವಳು ಮುಖವನ್ನು ಮುಂದಕ್ಕೆ ಚಾಚಿದಳು, ಕೆನ್ನೆಯನ್ನು ಆ ಕೈಯ ದಾರಿಗೇ ಒಡ್ಡಿದಳು — ಕೈ ಅವಳ ಮುಖದ ಪಕ್ಕದಲ್ಲೇ ಹಾದು, ಧ್ವನಿ ಬಂದ ಜಾಗಕ್ಕೆ ಹೋಗಿ, ಗಾಜನ್ನು ಮುಟ್ಟಿತು. ಎಷ್ಟು ತಣ್ಣಗಿದ್ದೀಯೇ. ಗಾಜನ್ನು ಸವರಿತು, ಮೇಲಿಂದ ಕೆಳಗೆ, ಕೆನ್ನೆ ಸವರಿದ ಹಾಗೆ, ಅಷ್ಟು ದೊಡ್ಡದು ಮಾಡಿಟ್ಟ ಗುಂಡಿಗೆ ಅಂಗೈ ತಾಗಿತು, ಬಂದೆ ಅಮ್ಮಾ. ಗೊತ್ತಾಯ್ತು ಕಣೇ, ಅಂದಳು ಅಮ್ಮ.

ಆಮೇಲೆ ಅಮ್ಮ ಫೋನಿನ ಹತ್ತಿರಕ್ಕೆ ಬಾಗಿ, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. ಆ ನರ್ಸಮ್ಮ ಇಲ್ಲೇ ಇದ್ದಾಳಾ, ಹೊರಗೆ ಹೋದ್ಲಾ. ನೀನು ಬಂದ್ಯಲ್ಲ, ಇನ್ನು ಅವಳನ್ನ ಕಳಿಸಿಬಿಡು. ಕೆಟ್ಟೋಳೇನಲ್ಲ, ಹೊತ್ತುಹೊತ್ತಿಗೆ ಊಟ ಕೊಡ್ತಾಳೆ, ಮೈ ಒರೆಸ್ತಾಳೆ, ಒಂದು ದಿನಾನೂ ಗದರಿಲ್ಲ, ಆದ್ರೆ ಅವಳ ಕೈ — ಅವಳ ಕೈ ಥೇಟ್ ನಿನ್ನ ಕೈನೇ ಕಣೇ. ಆ ಹೆಬ್ಬೆರಳು, ಆ ಉಗುರು, ಎಲ್ಲಾ ನಿಂದೇ. ಕಣ್ಣು ಕಾಣದೋಳಿಗೆ ಮೋಸ ಮಾಡೋಕೆ ನಿನ್ನ ಕೈ ಹಾಕ್ಕೊಂಡು ಬಂದಿದ್ದಾಳೆ. ಮುಟ್ಟಿದಾಗೆಲ್ಲ ನಂಗೆ ಜೀವ ಹೋದ ಹಾಗಾಗುತ್ತೆ. ಕಳಿಸ್ತೀಯಲ್ಲ.

ಅಮ್ಮನ ಭುಜದ ಮೇಲೆ ಅವಳ ಎಡಗೈ ಇದೆ. ಇದೆ, ಈಗಲೂ ಅಲ್ಲೇ ಇದೆ, ತೆಗೆದರೆ ತೆಗೆದದ್ದು ಗೊತ್ತಾಗುತ್ತದೆ, ಇಟ್ಟರೆ ಇಟ್ಟದ್ದು, ಭುಜ ಅದರ ಕೆಳಗೆ ಸಣ್ಣಗೆ ಬಿಗಿಯುತ್ತಿದೆ, ಹೌದು, ದಿನವೂ ಬಿಗಿಯುತ್ತಿತ್ತಲ್ಲ, ಸ್ನಾನದ ಹೊತ್ತಿನಲ್ಲಿ, ತಲೆ ಬಾಚುವಾಗ, ಚಳಿಗೆ ಅಂದುಕೊಂಡಿದ್ದಳು, ವಯಸ್ಸಿಗೆ ಅಂದುಕೊಂಡಿದ್ದಳು, ನೀರು ಸ್ವಲ್ಪ ಬಿಸಿ ಮಾಡುತ್ತಿದ್ದಳು, ಅಂದರೆ ಅಮ್ಮನಿಗೆ ಗೊತ್ತಿತ್ತು, ಅಮ್ಮನ ಮೈಗೆ ಗೊತ್ತಿತ್ತು ಈ ಕೈ ಯಾರದೆಂದು, ಅದಕ್ಕೇ ಹೆದರಿದ್ದು, ಗುರುತು ಸಿಗದೆ ಅಲ್ಲ — ಉತ್ತರ ಕೊಡಬೇಕು, ಅಮ್ಮ ಕಾಯುತ್ತಿದ್ದಾಳೆ, ಕಳಿಸ್ತೀನಿ ಅಂತ ಬರೆಯಬೇಕೆ, ಇಲ್ಲ ಅಂತ ಬರೆಯಬೇಕೆ, ಏನು ಬರೆಯಬೇಕಾದರೂ ಗಾಜಿನ ಮೇಲಿಂದ ಅಮ್ಮನ ಅಂಗೈಯನ್ನು ಎತ್ತಿ ಬದಿಗಿಡಬೇಕು, ಎತ್ತಬೇಕಾದದ್ದು ಇದೇ ಕೈಯಿಂದ, ಇದೇ ಹೆಬ್ಬೆರಳಿಂದ, ಯಾಕೆ ಸುಮ್ಮನಿದ್ದೀಯೇ, ಅಮ್ಮ ಗಾಜನ್ನು ಸವರಿದಳು, ಬಂದೆ ಅಮ್ಮಾ, ಅದು ಸರಿ ಕಣೇ, ಅವಳಿಗೆ ಹೇಳು, ಸವರಿದಳು, ಬಂದೆ ಅಮ್ಮಾ, ಕಿಟಕಿಯಾಚೆ ಗಾಳಿ ಹೊಡೆಯುವುದು ನಿಂತುಹೋಗಿದೆ, ಬಂದೆ ಅಮ್ಮಾ, ಗಾಜಿನ ಮೇಲೆ ಅಮ್ಮನ ಅಂಗೈ, ಬಂದೆ ಅಮ್ಮಾ, ಅಮ್ಮನ ಅಂಗೈ, ಗಾಜಿನ ಮೇಲೆ, ಅಮ್ಮನ ಅಂಗೈ