ಮೊದಲು ಬಸ್ಸು

ಕೂಟಗಲ್ಲಿನ ಹಾಲಿನ ಡೇರಿ ಮುಂದೆ ಮಾತಿಗೆ ನಿಂತಾಗ, ಇಲ್ಲೂ ಚಪ್ಪಾಳೆ ಬೀಳುತ್ತದೆ ಎಂದೇ ಮಮತಾ ಅಂದುಕೊಂಡಿದ್ದಳು. ಚನ್ನಪಟ್ಟಣದ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನ ಹೇಳಿಕೊಡುತ್ತಿದ್ದ ಕೆಲಸ ಬಿಟ್ಟು ನೆಲಜಲ ಪಕ್ಷ ಎಂಬ ಹೊಸ ಪಕ್ಷ ಸೇರಿ ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಇಡೀ ರಾಜ್ಯಕ್ಕೆಂದು ಪಕ್ಷ ರೂಪಿಸಿದ್ದ ಪರಿಸರ ಮತ್ತು ಸಾರಿಗೆ ನೀತಿಯಲ್ಲಿ ಅವಳ ಕೈಯೂ ಇತ್ತು. ರಸ್ತೆ ಬದಿಯ ಹುಣಸೆ, ಆಲದ ಮರ ಕಡಿಯಬಾರದು. ಹಳ್ಳಿಗಳಿಗೂ ವಿದ್ಯುತ್ ಬಸ್ಸು ಬಿಡಬೇಕು. ಅಧಿಕಾರಕ್ಕೆ ಬಂದ ವರ್ಷವೇ ಹಳೆಯ ಡೀಸೆಲ್ ಗಾಡಿಗಳನ್ನು ರಸ್ತೆಯಿಂದ ಇಳಿಸಬೇಕು. ಬೆಂಗಳೂರಿನ ಸಭೆಗಳಲ್ಲಿ ಈ ಕೊನೆಯ ಮಾತಿಗೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು.

ಕೂಟಗಲ್ಲಿನಲ್ಲಿ ಎದ್ದು ನಿಂತವನು ರಾಮಲಿಂಗಯ್ಯ ಒಬ್ಬನೇ.

"ಅಂದ್ರೆ ನನ್ ಗಾಡಿ ಗುಜರಿಗ್ ಹಾಕು ಅನ್ನಾಕೆ ಇಷ್ಟ್ ದೂರ ಬಂದ್ರಾ ಮೇಡಮ್ಮು?"

ಜನ ನಕ್ಕರು. ಅವನ ಹಳೆಯ ಟೆಂಪೊ ಅಲ್ಲೇ ಪಕ್ಕದಲ್ಲಿ ನಿಂತಿತ್ತು. ದಿನಾ ನಸುಕಿನಲ್ಲಿ ಸುತ್ತಲ ಹಳ್ಳಿಯ ಹೆಂಗಸರನ್ನು ತುಂಬಿಕೊಂಡು ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಬಿಡುವುದು, ಸಂಜೆ ಮತ್ತೆ ಮನೆ ಮುಟ್ಟಿಸುವುದು ಅವನ ಕಸುಬು. ಮಮತಾ ಬೇಸರಿಸದೆ ಹೊಗೆಯ ಬಗ್ಗೆ, ಅದು ಶ್ವಾಸಕೋಶಕ್ಕೆ ಮಾಡುವ ಕೇಡಿನ ಬಗ್ಗೆ ವಿವರಿಸಿದಳು. ಆಗ ಹಾಜಿರಾ ಎಂಬ ಹೆಂಗಸು ಕೈಯೆತ್ತಿದಳು. ಹಾರೋಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಅದೇ ಟೆಂಪೊದಲ್ಲಿ ಹೋಗುವವಳು.

"ಹೊಗೆ ಬೇಕು ಅಂತ ಯಾರಂದ್ರಕ್ಕ? ನಮ್ ಯಲ್ಲಮ್ಮ ದಾರಿವುದ್ದಕ್ಕೂ ಕೆಮ್ಕಂಡೇ ಬತ್ತಾಳೆ. ಆದ್ರೆ ಗಾಡಿ ನಿಂತ ಮಾರ್ನೆ ದಿನ ನಾವ್ ಕೆಲ್ಸಕ್ಕೆ ಹೋಗಾದೆಂಗೆ?"

"ಕರೆಂಟ್ ಬಸ್ಸು ಬತ್ತವೆ," ಎಂದಳು ಮಮತಾ.

"ಯಾವಾಗ?"

ಬೇಗ ಬತ್ತವೆ ಎಂದುಬಿಡುವುದು ಸುಲಭವಿತ್ತು. ಆದರೆ ನೀತಿಯಲ್ಲಿ ಗಾಡಿ ಇಳಿಸುವುದಕ್ಕೆ ಗಡುವಿತ್ತೇ ಹೊರತು ಬಸ್ಸಿಗೆ ಇರಲಿಲ್ಲ. ಅದು ಅವಳಿಗೆ ಹೊಳೆದದ್ದೇ ಆ ಕ್ಷಣದಲ್ಲಿ.

"ಗೊತ್ತಿಲ್ಲ," ಎಂದಳು.

ಯಾರೂ ಗಲಾಟೆ ಮಾಡಲಿಲ್ಲ. ಒಬ್ಬೊಬ್ಬರೇ ಎದ್ದು ಹೊರಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಮತಾಗೆ. ಅವಳು ನೇರ ರಾಮಲಿಂಗಯ್ಯನ ಬಳಿ ಹೋಗಿ, "ನಾಳೆ ನಾನೂ ನಿಮ್ ಗಾಡೀಲಿ ಬತ್ತೀನಿ," ಎಂದಳು.

"ಜಾಗ ಇದ್ರೆ ಬನ್ನಿ. ಇಲ್ದಿದ್ರೂ ಬನ್ನಿ, ಎಲ್ಲಾರೂ ಹಂಗೇ ಬರಾದು," ಎಂದ ರಾಮಲಿಂಗಯ್ಯ.

ಮರುದಿನ ಜಾಗವಿರಲಿಲ್ಲ. ಮಮತಾ ಹಾಜಿರಾಳ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅರ್ಧ ಸೀಟಿನಲ್ಲಿ ಅರ್ಧ ಗಾಳಿಯಲ್ಲಿ ಕೂತಳು. ನೆಲದ ಸಂದಿನಿಂದ ಹೊಗೆ ಒಳಗೇ ಬರುತ್ತಿತ್ತು. ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡೇ ನಾದಿನಿಯರ ಮಾತು, ಸೂಪರ್‌ವೈಸರನ ಅಣಕ ಎಲ್ಲ ನಡೆಸಿದ್ದರು. ರಾಮನಗರ ದಾಟಿ ಒಂದು ಏರು ಹತ್ತುವಾಗ ಟೆಂಪೊ ಕೊಸರಾಡಿ ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಅದು ಒಂದು ಸಲ ದಟ್ಟ ಹೊಗೆ ಕಾರಿ ಮತ್ತೆ ಸುಮ್ಮನಾಯಿತು.

ಯಲ್ಲಮ್ಮ ರಸ್ತೆ ಬದಿ ಕೂತು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಕೆಲವರು ಕೈ ಅಡ್ಡ ಹಾಕಿ ಕಲ್ಲು ಸಾಗಿಸುವ ಲಾರಿಯೊಂದನ್ನು ನಿಲ್ಲಿಸಿ ಹತ್ತಿಕೊಂಡರು. ಹಾಜಿರಾ ಹತ್ತಲಿಲ್ಲ. ಯಲ್ಲಮ್ಮನ ಬೆನ್ನು ನೀವುತ್ತ, "ಹೋಗ್ಲಿ ಬುಡು, ಇವತ್ತು ರಜ ಅನ್ಕೊಳ್ಳಾನ," ಎಂದಳು.

ರಾಮಲಿಂಗಯ್ಯ ಎಂಜಿನ್ನಿನ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಮಮತಾ ಹತ್ತಿರ ಹೋದಾಗ, "ಏನ್ ಮೇಡಮ್ಮು, ಕುಸಿ ಆಯ್ತಾ?" ಎಂದ.

"ಇದ್ರಾಗೇನ್ ಕುಸಿ? ಆದ್ರೆ ಯಲ್ಲಮ್ಮನ ಮಕ ನೋಡಿ. ಇನ್ನೂ ಎಷ್ಟ್ ವರ್ಷ ಇದ್ನೇ ಓಡಿಸ್ತೀರಿ?"

ಅವನು ಯಲ್ಲಮ್ಮನ ಕಡೆ ನೋಡಿದ. "ಎಲ್ಲಾರ್ಗಿಂತ ಜಾಸ್ತಿ ಹೊಗೆ ಕುಡ್ದಿರೋನು ನಾನೆಯ. ನಂಗೇನ್ ಅದ್ರ ಮ್ಯಾಲೆ ಪಿರೂತಿನಾ? ಒಳ್ಳೆ ಬಸ್ಸು ಬಂದ್ರೆ ಇದ್ನ ಬುಟ್ಟು ಅದ್ರ ಸ್ಟೇರಿಂಗೇ ಹಿಡೀತೀನಿ. ಮೊದ್ಲು ಬರ್ಲಿ."

ಆ ವಾರ ಕನಕಪುರದ ಕಲ್ಯಾಣ ಮಂಟಪವೊಂದರಲ್ಲಿ ಪಕ್ಷದ ಸಭೆ ಸೇರಿತು. ನೀತಿಗೆ ಕೊನೆಯ ಒಪ್ಪಿಗೆ ಬೀಳಬೇಕಿತ್ತು. ಅದನ್ನು ಬಹುಪಾಲು ಬರೆದವನು ರಾಜ್ಯ ಕಾರ್ಯದರ್ಶಿ ಮನೋಹರ್. ಮಮತಾ ಎದ್ದು, ಬಸ್ಸು ಬರುವ ಮೊದಲು ಯಾವ ಗಾಡಿಯನ್ನೂ ಇಳಿಸಬಾರದು ಎಂದಾಗ ಅವನ ಮುಖ ಬಿಗಿಯಿತು.

"ಹಾಗೆ ಬರೆದರೆ ಬಸ್ಸೂ ಬರಲ್ಲ, ನಿಷೇಧವೂ ಬರಲ್ಲ. ಗಾಡಿ ಮಾಲೀಕರೇ ಸೇರಿಕೊಂಡು ಬಸ್ಸು ತಡೀತಾರೆ. ಅಷ್ಟರಲ್ಲಿ ಗಾಳಿ ಗತಿ ಏನು? ನೀವೇ ಪಾಠ ಮಾಡಿದ್ದಲ್ವಾ ಇದನ್ನ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ದಾರಿಯಲ್ಲಿ ಬರುವಾಗ ಮಮತಾ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿದ್ದಳು.

"ಹಂಗಾದ್ರೆ ಬಸ್ಸಿಗೂ ಗಡುವು ಹಾಕಿ," ಎಂದಳು. "ಮೊದಲ ವರ್ಷ ಕಾರ್ಖಾನೆ ಶಿಫ್ಟಿನ ಹೊತ್ತಿಗೆ ಬಸ್ಸು, ಎರಡನೇ ವರ್ಷ ನಿಷೇಧ. ಗಾಡಿ ಬಿಟ್ಟುಕೊಟ್ಟ ಡ್ರೈವರಿಗೆ ಹೊಸ ಬಸ್ಸಲ್ಲಿ ಮೊದಲ ಅವಕಾಶ. ಆಗ ಅವನು ಬಸ್ಸು ತಡೆಯಲ್ಲ, ಅದರ ದಾರಿ ಕಾಯ್ತಾನೆ."

ಸಭೆಯಲ್ಲಿ ಗುಸುಗುಸು ಎದ್ದಿತು. ನಿಷೇಧವನ್ನು ಮುಂದೆ ಹಾಕಿದರೆ ಪಟ್ಟಣದ ಮತ ಹೋಗುತ್ತದೆ ಎಂದರು ಕೆಲವರು. ಆಗ ಜಿಲ್ಲಾ ಅಧ್ಯಕ್ಷ ಕೆಂಪರಾಜು ಎದ್ದ. ಮಾಗಡಿ ತಾಲ್ಲೂಕಿನ ಕಲ್ಯದ ರೈತ, ಮನೋಹರನ ಹಳೆಯ ಗೆಳೆಯ.

"ಲೇ ಮನೋಹರ, ಹೊಸ ಮನೆಗೆ ಸೂರು ಹಾಕಿದ ಮ್ಯಾಲೆ ಹಳೇ ಮನೆ ಕೆಡವಾದು ಕಣ್ಲಾ. ಮಳೆಗಾಲದಲ್ಲಿ ಮಕ್ಳು ಮರೀನ ಬಯಲಲ್ಲಿ ಕೂರುಸ್ತಾರಾ ಯಾರಾದ್ರೂವೆ?"

ಕೈ ಎತ್ತಿಸಿದರು. ಮಮತಾಳ ಕಡೆಗೆ ಸ್ವಲ್ಪವೇ ಹೆಚ್ಚು ಕೈಗಳಿದ್ದವು. ಮನೋಹರ್ ಊಟಕ್ಕೂ ನಿಲ್ಲದೆ ಹೊರಟುಹೋದ. ಪಕ್ಷ ಇಲ್ಲಿಗೆ ಎರಡು ಹೋಳಾಯಿತು ಎಂದೇ ಅವಳು ಹೆದರಿದಳು. ಆದರೆ ಸಂಜೆ ಅವನದೇ ಫೋನು ಬಂತು.

"ನೀವು ಹೇಳಿದ್ದು ತುಂಬ ಉದ್ದ ಆಯ್ತು. ಜನರ ಬಾಯಲ್ಲಿ ನಿಲ್ಲಲ್ಲ. ಹೀಗೆ ಬರೆದಿದೀನಿ, ಕೇಳಿ. 'ಮೊದಲು ಬಸ್ಸು, ಆಮೇಲೆ ನಿಷೇಧ, ಎರಡಕ್ಕೂ ಗಡುವು.' ಆಗಬಹುದಾ?"

ಅವನ ದನಿಯಲ್ಲಿ ಮುನಿಸು ಪೂರಾ ಇಳಿದಿರಲಿಲ್ಲ. ಆದರೂ ಮಮತಾಗೆ ಕಣ್ಣು ತುಂಬಿ ಬಂತು.

ಚುನಾವಣೆಯಲ್ಲಿ ನೆಲಜಲ ಪಕ್ಷಕ್ಕೆ ರಾಜ್ಯದಲ್ಲೆಲ್ಲ ಬೆರಳೆಣಿಕೆಯ ಸ್ಥಾನಗಳು ಬಂದವು, ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಆದರೆ ಯಾರಿಗೂ ಬಹುಮತ ಇರಲಿಲ್ಲ. ಸರ್ಕಾರ ಮಾಡಿದವರಿಗೆ ಈ ಪಕ್ಷದ ಬೆಂಬಲ ಬೇಕಾಯಿತು. ಬೆಂಬಲಕ್ಕೆ ಪಕ್ಷ ಇಟ್ಟ ಷರತ್ತೇ ಮನೋಹರ್ ಬರೆದ ಆ ಸಾಲು. ಕೆಲವು ದಾರಿಗಳಲ್ಲಿ ಮಾತ್ರ ಬಸ್ಸು ಬಿಟ್ಟು ನೋಡೋಣ ಎಂದು ಸರ್ಕಾರ ಒಪ್ಪಿತು. ಸುದ್ದಿ ತಿಳಿದ ದಿನವೇ ಹಾಜಿರಾ ಟೆಂಪೊದ ಹೆಂಗಸರನ್ನೆಲ್ಲ ಕಟ್ಟಿಕೊಂಡು ರಾಮನಗರಕ್ಕೆ ಹೋದಳು. ಅಧಿಕಾರಿಗಳ ಬಾಗಿಲಲ್ಲಿ ಕೂತು, ನಮ್ಮ ದಾರಿ ಸೇರಿಸುವವರೆಗೆ ಏಳುವುದಿಲ್ಲ ಎಂದಳು. ಮಮತಾ ಅಲ್ಲಿಗೆ ತಲುಪುವಷ್ಟರಲ್ಲಿ ಕೂಟಗಲ್–ಹಾರೋಹಳ್ಳಿ ದಾರಿ ಸೇರಿಯಾಗಿತ್ತು.

ಬಸ್ಸು ಬಂದದ್ದು ಮುಂದಿನ ಯುಗಾದಿ ಕಳೆದ ಮೇಲೆ. ತರಬೇತಿ ಮುಗಿಸಿದ ರಾಮಲಿಂಗಯ್ಯ ಖಾಕಿ ತೊಟ್ಟು ಚಾಲಕನ ಸೀಟಿನಲ್ಲಿ ಕೂತಿದ್ದ. ಅವನ ಹೆಂಡತಿ ಸಿದ್ದಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕೈಮುಗಿದಳು. ಯಲ್ಲಮ್ಮ ಕಿಟಕಿ ಪಕ್ಕ ಕೂತು ಸ್ವಲ್ಪ ಹೊತ್ತು ಕಾದು, "ಸದ್ದೇ ಇಲ್ವಲ್ಲಪ್ಪೋ, ಒಸಿ ನೋಡಾ, ಹೊಂಟೈತೋ ನಿಂತೈತೋ?" ಎಂದು ಕೂಗಿದಳು. ಅಷ್ಟರಲ್ಲಿ ಬಸ್ಸು ಡೇರಿ ದಾಟಿತ್ತು. ಒಳಗೆಲ್ಲ ನಗು.

ಮಮತಾ ಹತ್ತಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ರಸ್ತೆಯಲ್ಲೇ ನಿಂತಿದ್ದಳು. ಆಗ ಕೆಂಪರಾಜು ಫೋನ್ ಮಾಡಿದ.

"ನೋಡವ್ವ, ಕೂಟಗಲ್ಲಿಗೆ ಬಸ್ ಬುಟ್ರಿ ಅಂತ ನಮ್ ಕಲ್ಯದಾಗೆ ಜನ ನನ್ ಮನೆ ಮುಂದೆ ಕುಂತವ್ರೆ. ನಮ್ದು ಯಾವಾಗ ಅಂತಾವ್ರೆ. ನಾನೇನ್ ಹೇಳ್ಲಿ?"

"ಕಾಫಿ ಕೊಟ್ಟು ಕೂರಿಸ್ಕಳಿ," ಎಂದಳು ಮಮತಾ ನಗುತ್ತ. "ಒಬ್ರೂ ಏಳಬಾರ್ದು. ಈಗ್ಲೇ ಹೊಂಟೆ."

ಅವಳು ಸ್ಕೂಟರ್ ತಿರುಗಿಸಿ ಮಾಗಡಿ ದಾರಿ ಹಿಡಿದಳು.