ಷಡ್ಡಕನ ಅಲಾಯ್ ವೀಲು

ನನ್ನ ಹೆಂಡತಿಯ ತಂಗಿಯ ಗಂಡನಿಗೂ ನನಗೂ ಇರುವುದು ಒಂದೇ ಮಾದರಿಯ ಪಿಕಪ್. ಅವನದರಲ್ಲಿ ಹಾಸಿಗೆ ಹೋಗುತ್ತದೆ, ನನ್ನದರಲ್ಲಿ ಕನ್ನಡಿ. ಹನ್ನೊಂದು ವರ್ಷ ಒಂದೇ ಕನ್ನಡಿ ಅಂಗಡಿಯ ಸರಕು ಸಾಗಿಸಿದ್ದೇನೆ, ಒಂದು ಮೂಲೆಯೂ ಮುಕ್ಕಾಗಿಲ್ಲ. ನಮ್ಮ ಮನೆ ನಡೆಯುವುದೇ ಆ ಕೆಲಸದಿಂದ.

ಒಂದು ಭಾನುವಾರ ಷಡ್ಡಕ ಹೊಸ ಅಲಾಯ್ ವೀಲು ಹಾಕಿಸಿಕೊಂಡು ಮಾವನ ಮನೆಗೆ ಬಂದ. ನನ್ನ ಗಾಡಿಯನ್ನು ಕಣ್ಣೆತ್ತಿಯೂ ನೋಡದ ಮಾವ ಅವನದರ ಸುತ್ತ ಎರಡು ಸಲ ಬಂದರು. ಒಂದು ವೀಲಿನ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳೇಕೆ ಹೇಳಲಿ.

"ಸುಮ್ನೆ ಊಟ ಮಾಡಿ," ಎಂದಳು ಹೆಂಡತಿ. ಅವಳಿಗೆ ನನ್ನ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ.

ಸೋಮವಾರ ಬೆಳಿಗ್ಗೆಯೇ ಟೈರ್ ಅಂಗಡಿಗೆ ಹೋದೆ. ಅಂಗಡಿಯವನು ಗಾಡಿಯ ಹಿಂದೆ ಮಡಚಿಟ್ಟಿದ್ದ ಕಂಬಳಿಗಳನ್ನು ನೋಡಿದ.

"ನೋಡೋಕೆ ಚಂದ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ವೀಲು ದೊಡ್ಡದಾದ್ರೆ ಟೈರು ತೆಳ್ಳಗಾಗುತ್ತೆ. ಗುಂಡಿ ಏಟು ಸೀದಾ ಸರಕಿಗೆ. ನಿಮ್ಮದು ನೋಡಿದ್ರೆ ಕನ್ನಡಿ."

"ನನ್ನ ಷಡ್ಡಕಂದಕ್ಕಿಂತ ಒಂದಿಂಚು ದೊಡ್ಡದು ಹಾಕು."

ಹಳೆಯ ಕಬ್ಬಿಣದ ವೀಲುಗಳನ್ನು ಟೈರಿನ ಸಮೇತ ಅವನಿಗೇ ಕೊಟ್ಟುಬಿಟ್ಟೆ. ಆಮೇಲೆ ಮಾವನ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆದು ಹೋದೆ. ಅವರು ಮಲಗಿದ್ದರಂತೆ.

ಮರುದಿನ ಹೊಲಿಗೆ ಅಂಗಡಿಗೆ ಆಳೆತ್ತರದ ಆರು ಕನ್ನಡಿ ಹೋಗಬೇಕಿತ್ತು. ಎಂದಿನಂತೆ ನಿಲ್ಲಿಸಿ, ನಡುನಡುವೆ ಕಂಬಳಿ ತುರುಕಿ, ಹಗ್ಗ ಬಿಗಿದೆ. ರಸ್ತೆಯೂ ಎಂದಿನದೇ, ವೇಗವೂ ಎಂದಿನದೇ. ಮೊದಲ ಹಂಪು ಇಳಿದದ್ದೇ ತಡ, ಹಿಂದೆ ಚಟ್ ಎಂದಿತು. ಆರರಲ್ಲಿ ನಾಲ್ಕು ಒಡೆದಿದ್ದವು.

ಕನ್ನಡಿ ಅಂಗಡಿಯ ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಗ್ಗಿ ವೀಲು ನೋಡಿ, "ಹಳೇದು ಹಾಕ್ಕೊಂಡು ಬನ್ನಿ. ಅಲ್ಲೀವರೆಗೂ ಬೇರೆಯವ್ರಿಗೆ ಹೇಳ್ತೀನಿ," ಎಂದರು.

ಟೈರ್ ಅಂಗಡಿಗೆ ಓಡಿದೆ. "ಅವು ನಿನ್ನೆ ಸಂಜೇನೇ ಹೋದ್ವಲ್ಲ ಅಣ್ಣ," ಎಂದ.

ತಪ್ಪೊಪ್ಪಿಕೊಂಡು ಎರಡು ದಿನ ಕಾಲಾವಕಾಶ ಕೇಳೋಣವೆಂದು ಮತ್ತೆ ಕನ್ನಡಿ ಅಂಗಡಿಗೆ ಬಂದರೆ, ಬಾಗಿಲಲ್ಲಿ ಷಡ್ಡಕನ ಪಿಕಪ್ ನಿಂತಿತ್ತು. ಅವನು ಎರಡೆರಡು ಹಾಸಿಗೆಗಳ ನಡುವೆ ಒಂದೊಂದು ಕನ್ನಡಿ ನಿಲ್ಲಿಸುತ್ತಿದ್ದ. ಗಾಡಿಯ ಕೆಳಗೆ ಕಬ್ಬಿಣದ ವೀಲು. ಹಿಂದಿನ ಎಡಗಡೆಯದರ ಮೇಲೆ ನಾನೇ ಬಳಿದಿದ್ದ ಹಳದಿ ಗುರುತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ನಾನು ಹಾಕಿಕೊಳ್ಳುವಷ್ಟರಲ್ಲಿ ಹುಲಿ ತನ್ನ ಬರೆ ಒರೆಸಿಕೊಂಡಿತ್ತು.

"ಆ ಅಲಾಯ್ ಗುಂಡೀಲಿ ಬಿರುಕು ಬಿಡ್ತು ಅಣ್ಣ," ಎಂದ ಅವನು, ಯಾವ ಕಪಟವೂ ಇಲ್ಲದೆ. "ಸದ್ಯ, ಯಾರೋ ಪುಣ್ಯಾತ್ಮ ಇವನ್ನ ಬಿಟ್ಟುಹೋಗಿದ್ದ. ಹಂಪು ಹತ್ತಿದ್ದೇ ಗೊತ್ತಾಗಲ್ಲ."

ಒಳಗಿನಿಂದ ಯಜಮಾನರು, "ನಾಳೆಯಿಂದ ನೀನೇ ಬಾರಪ್ಪ," ಎಂದು ಅವನಿಗೆ ಕೂಗಿ ಹೇಳಿದರು.

ನಾನು ಆ ವೀಲುಗಳನ್ನೇ ನೋಡುತ್ತ ನಿಂತೆ. ಹನ್ನೊಂದು ವರ್ಷ ನನ್ನ ಗಾಡಿಯ ಕೆಳಗೇ ಇದ್ದಾಗ ಒಂದು ದಿನವೂ ಅವನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.